ಗುಮ್ಮನ ಬೆನ್ನಿನ ಹೊಲಿಗೆ

"ಅಮ್ಮಾ, ಫಾಲ್ಸ್ ಅಜ್ಜಿ ಮುಖಕ್ಕೆ ಯಾರು ಹೊಲಿಗೆ ಹಾಕಿದ್ದು? ಅವರೇ ಹಾಕ್ಕೊಂಡ್ರಾ?"

ನನ್ನ ಮಗಳು ಇಂಚರ ಇದನ್ನು ಕೇಳಿದ್ದು ಯಡಿಯೂರಿನ ನಮ್ಮ ಬೀದಿಯಲ್ಲಿ, ನಾಗಲಕ್ಷ್ಮಮ್ಮನವರ ಅಂಗಡಿಯ ಎದುರಿಗೇ ನಿಂತುಕೊಂಡು, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸುವ ದನಿಯಲ್ಲಿ. ಐದು ವರ್ಷದ ಮಕ್ಕಳಿಗೆ ಪಿಸುಮಾತು ಬರುವುದಿಲ್ಲ. ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಕೆಳಗೆ ಹೊಲಿಗೆ ಮೆಷಿನ್ನಿನ ಪೆಡಲ್ಲೂ ಅದರ ಮೇಲೆ ಆಡುತ್ತಿದ್ದ ಎರಡು ಪಾದಗಳೂ ಕಾಣುತ್ತಿದ್ದವು. ಪ್ರಶ್ನೆ ಮುಗಿಯುವ ಹೊತ್ತಿಗೆ ಪಾದಗಳು ನಿಂತುಬಿಟ್ಟವು.

"ಶ್... ಪಾಪ ಕಣೇ, ಹಾಗೆಲ್ಲ ಕೇಳಬಾರದು," ಎಂದೆ.

ಒಳಗಿನಿಂದ ಉತ್ತರ ಬಂತು. ಬಾಯಿಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ, ಒಂದು ಕಡೆ ವಾಲಿದ ಮಾತು. "ಡಾಕ್ಟ್ರು ಹಾಕಿದ್ದು ಪುಟ್ಟಿ. ನಾನಾಗಿದ್ರೆ ಇನ್ನೂ ನೀಟಾಗಿ ಹಾಕ್ತಿದ್ದೆ." ಆಮೇಲೆ ನನಗೆ, "ಉಮಾ, ಸೀರೆ ತಂದಿದ್ರೆ ಕೆಳಗಿಂದ ಕೊಡು."

ಬಗ್ಗಿ ಸೀರೆಯ ಕವರನ್ನು ಒಳಗೆ ಸರಿಸಿದೆ. ಒಂದು ಕೈ ಬಂದು ತೆಗೆದುಕೊಂಡಿತು.

"ಶಟರ್ ಎತ್ತಲಾ ಆಂಟಿ? ಒಳಗೆ ಕತ್ತಲೆ ಅಲ್ವಾ?"

"ಬೇಡ, ಇರ್ಲಿ. ಬಿಸಿಲು ಹೊಡೆಯುತ್ತೆ."

ಅಕ್ಟೋಬರ್ ತಿಂಗಳು. ಅದೂ ಮೋಡ ಮುಚ್ಚಿದ ದಿನ. ಬಿಸಿಲು ಎಲ್ಲಿಯದು? ದವಡೆಯ ಆಪರೇಷನ್ ಆಗಿ ಬಂದಮೇಲೆ ಅಂಗಡಿ ತೆರೆದ ಮೊದಲ ವಾರದಲ್ಲೇ ಬ್ಲೌಸ್ ಕೊಡಲು ಬಂದವರೊಬ್ಬರ ಮಗು ಇವರ ಮುಖ ನೋಡಿ ಕಿಟಾರನೆ ಕಿರುಚಿಕೊಂಡಿತಂತೆ. ಆವತ್ತು ಇಳಿದ ಶಟರ್ ಮತ್ತೆ ಪೂರ್ತಿ ಏಳಲಿಲ್ಲ. ದೀಪಾವಳಿ ಸೀರೆಗಳ ಫಾಲ್ಸ್ ಮುಗಿಸಿ, ಮೆಷಿನ್ ಮಾರಿ, ಚಿಕ್ಕಲಸಂದ್ರದ ಮಗಳು ಲತಾಮಣಿಯ ಮನೆಗೆ ಹೋಗಿಬಿಡುತ್ತೇನೆ ಎಂದು ಅವರು ಬೀದಿಯವರಿಗೆಲ್ಲ ಹೇಳಿಯಾಗಿತ್ತು. ಲತಾಮಣಿ ಒಳ್ಳೆಯ ಹುಡುಗಿ, ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ನನಗೆ ಗೊತ್ತು, ರಸ್ತೆಗೆ ಮುಖ ಮಾಡಿ ಮೆಷಿನ್ ಹಾಕಿಕೊಂಡು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಕೂರದಿದ್ದರೆ ಅವರು ನಾಗಲಕ್ಷ್ಮಮ್ಮ ಆಗಿ ಉಳಿಯುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಇಂಚರಳನ್ನು ಕೇಳಿದೆ, "ಅಜ್ಜಿ ಮುಖ ನೀನು ಯಾವಾಗ ನೋಡಿದೆ?"

"ದಿನಾ ನೋಡ್ತೀನಲ್ಲ."

ಆಗ ಹೊಳೆಯಿತು. ಅವಳ ಎತ್ತರಕ್ಕೆ ಅರ್ಧ ಶಟರ್ ಎಂದರೆ ಪೂರ್ತಿ ಬಾಗಿಲು.

"ಭಯ ಆಗಲ್ವಾ?"

ಅವಳು ನನ್ನನ್ನೇ ದಡ್ಡಿ ಎನ್ನುವ ಹಾಗೆ ನೋಡಿದಳು. "ಹೊಲಿಗೆ ಕಾಣತ್ತಲ್ಲಮ್ಮ!"

ಕತ್ತಲೆಗೆ, ಹಲ್ಲಿಗೆ, ಟೀವಿಯಲ್ಲಿ ಬರುವ ಭೂತಗಳಿಗೆ ಅವಳು ಹೆದರಿದಾಗಲೆಲ್ಲ ನಾನು ಹೇಳಿಕೊಟ್ಟಿದ್ದು ಒಂದೇ ಮಂತ್ರ: ಹೊಲಿಗೆ ಹುಡುಕು. ಆ ಮಂತ್ರ ನನ್ನದಲ್ಲ. ಆ ಶಟರ್ ಹಿಂದೆ ಕೂತವರದ್ದು. ಮಧ್ಯಾಹ್ನ ಮಗಳು ಮಲಗಿದ ಮೇಲೆ ಡೈರಿ ತೆಗೆದು ಬರೆಯತೊಡಗಿದೆ. ಒಂದು ಪುಟಕ್ಕೆ ನಿಲ್ಲಲಿಲ್ಲ.

*

ನನ್ನ ಚಿಕ್ಕಂದಿನಲ್ಲಿ ಆ ಅಂಗಡಿಯ ಬೋರ್ಡಿನ ಒಂದು ಅರ್ಧದಲ್ಲಿ "ಫಾಲ್ಸ್, ಪಿಕೋ" ಎಂದೂ ಇನ್ನೊಂದು ಅರ್ಧದಲ್ಲಿ "ವಿಡಿಯೋ ಲೈಬ್ರರಿ" ಎಂದೂ ಇತ್ತು. ಹೊಲಿಗೆ ನಾಗಲಕ್ಷ್ಮಮ್ಮನವರದ್ದು, ಕ್ಯಾಸೆಟ್ಟುಗಳು ಅವರ ಗಂಡ ದಾಸಪ್ಪನವರದ್ದು. ದಾಸಪ್ಪ ಅಂಕಲ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಶಿವಾಜಿನಗರದ ಕಡೆ ಯಾರೋ ಲೈಬ್ರರಿ ಮುಚ್ಚುತ್ತಿದ್ದಾರೆಂದು ಗೊತ್ತಾಗಿ, ಒಂದು ಟ್ರಂಕಿನ ತುಂಬ ಕ್ಯಾಸೆಟ್ಟನ್ನು ಆಟೋದಲ್ಲಿ ಹೇರಿಕೊಂಡು ಬಂದರಂತೆ. ತೆಗೆದು ನೋಡಿದರೆ ಅರ್ಧಕ್ಕರ್ಧ ಗುಮ್ಮನ ಪಿಕ್ಚರುಗಳು. ಕಪ್ಪು ಬಿಳುಪಿನವು, ಹೊರದೇಶದವು. ಕೆಲವದರ ಮೇಲಿನ ಅಕ್ಷರ ಇಂಗ್ಲಿಷ್ ಕೂಡ ಅಲ್ಲ.

"ಯಾರ್ ನೋಡ್ತಾರ್ರೀ ಇದನ್ನ?" ಎಂದು ನಾಗಲಕ್ಷ್ಮಮ್ಮ ಕೇಳಿದರಂತೆ.

"ಶೋಗೆ ಇರ್ಲಿ ಬಿಡೇ. ಶೆಲ್ಫು ತುಂಬಿದ ಹಾಗೆ ಕಾಣ್ಬೇಕಲ್ಲ."

ಅವರು ಆ ಪಿಕ್ಚರುಗಳನ್ನು ನೋಡಲು ಶುರು ಮಾಡಿದ್ದಕ್ಕೆ ಕಾರಣ ತುಂಬ ಸರಳ. ಒಳ್ಳೊಳ್ಳೆಯ ಕನ್ನಡ ಚಿತ್ರಗಳು ಯಾವಾಗಲೂ ಬಾಡಿಗೆಗೆ ಹೋಗಿರುತ್ತಿದ್ದವು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಕೈಯಲ್ಲಿ ಫಾಲ್ಸ್ ಹಿಡಿದುಕೊಂಡು ಏನಾದರೂ ನೋಡೋಣ ಎಂದರೆ ಅಂಗಡಿಯಲ್ಲಿ ಉಳಿದಿರುತ್ತಿದ್ದದ್ದು ಯಾರೂ ಕೇಳದ ಗುಮ್ಮಗಳು ಮಾತ್ರ. ಹೀಗೆ ಮಿಕ್ಕಿದ್ದನ್ನು ನೋಡುತ್ತ ನೋಡುತ್ತ ಅವರಿಗೆ ಅದೇ ಹುಚ್ಚು ಹಿಡಿಯಿತು. ಆಮೇಲೆ ಹೊಸ ಚಿತ್ರ ಕೈಗೆ ಸಿಕ್ಕಿದರೂ, "ಅದ್ರಲ್ಲೇನಿದೆ, ಬರೀ ಅತ್ತೆ ಸೊಸೆ. ನಮ್ಮನೇಲೇ ಇದೆಯಲ್ಲ," ಎಂದು ಪಕ್ಕಕ್ಕಿಡುತ್ತಿದ್ದರು.

ನನ್ನ ಅಮ್ಮ ಜಯನಗರ ನಾಲ್ಕನೇ ಬ್ಲಾಕಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಶಾಲೆಯಿಂದ ಬಂದವಳು ಅಮ್ಮ ಬರುವತನಕ ಇರುತ್ತಿದ್ದದ್ದು ಆ ಅಂಗಡಿಯಲ್ಲೇ. ಶನಿವಾರ ಬೆಳಗಿನ ಶಾಲೆ ಇದ್ದರೆ ಮಧ್ಯಾಹ್ನವೆಲ್ಲ ನಮ್ಮದು. ನಾಗಲಕ್ಷ್ಮಮ್ಮ ಊಟ ಮುಗಿಸಿ, ಎಲೆ ಅಡಿಕೆ ಹೊಗೆಸೊಪ್ಪು ದವಡೆಗೆ ಒತ್ತಿಕೊಂಡು, ಟೀವಿಯ ಮೇಲೆ ಬೆಳಕು ಬೀಳದ ಹಾಗೆ ಬಾಗಿಲಿಗೆ ಅಡ್ಡವಾಗಿ ಒಂದು ಹೂವಿನ ಬೆಡ್‌ಶೀಟ್ ಕಟ್ಟುತ್ತಿದ್ದರು. ಪ್ರಪಂಚದ ಬೇರೆಯವರು ದೆವ್ವದ ಚಿತ್ರವನ್ನು ರಾತ್ರಿ ನೋಡುತ್ತಾರೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದಮೇಲೆ. ನನ್ನ ಲೆಕ್ಕದಲ್ಲಿ ಗುಮ್ಮ ಬರುವುದು ಊಟವಾದ ಮೇಲೆ. ಹೊರಗೆ ಸೊಪ್ಪಿನವಳು ಕೂಗುತ್ತಿರಬೇಕು, ಬೆಡ್‌ಶೀಟಿನ ಗುಲಾಬಿಗಳ ಮೂಲಕ ಕೆಂಪು ಬಿಸಿಲು ಸೋರುತ್ತಿರಬೇಕು, ಹೊಸ ಸೀರೆಯ ಗಂಜಿಯ ವಾಸನೆ ಇರಬೇಕು.

ಮೊದಲ ದಿನ ನಾನು ಕೌಂಟರಿನ ಕೆಳಗೆ ತೂರಿಕೊಂಡಿದ್ದೆ. ಪರದೆಯ ಮೇಲೆ ಮರದಷ್ಟು ಎತ್ತರದ್ದೊಂದು ಯಾರದೋ ಮನೆಯ ಹೆಂಚು ಕೀಳುತ್ತಿತ್ತು.

"ಹೆದರ್ಕೋಬೇಡ" ಎಂದು ನಾಗಲಕ್ಷ್ಮಮ್ಮ ಆವತ್ತೂ ಹೇಳಲಿಲ್ಲ, ಮುಂದೆ ಯಾವತ್ತೂ ಹೇಳಲಿಲ್ಲ. "ಬಾರೇ ಇಲ್ಲಿ. ಅವನು ತಿರುಗ್ತಾನೆ ಈಗ. ಬೆನ್ನು ನೋಡು."

"ನೋಡಲ್ಲ ಆಂಟಿ."

"ಒಂದ್ಸಲ ನೋಡೇ. ಕತ್ತಿಂದ ಕೆಳಕ್ಕೆ... ಹಾಂ! ಕಾಣ್ತಾ? ಜಿಪ್ಪು. ಮೇಲೆ ಪಟ್ಟಿ ಹೊಲಿದು ಮುಚ್ಚಿದಾರೆ, ಆದ್ರೂ ಎದ್ದು ಕಾಣ್ತಿದೆ. ಇಂಟರ್‌ಲಾಕ್ ಮಾಡ್ಬೇಕಿತ್ತು."

ನಾನು ಕಣ್ಣು ಬಿಟ್ಟು ನೋಡಿದೆ. ನಿಜ. ಗುಮ್ಮನ ಬೆನ್ನ ಮೇಲೆ ನನ್ನ ಯೂನಿಫಾರ್ಮಿಗೆ ಇರುವಂಥದೇ ಒಂದು ಗೆರೆ.

"ಒಳಗೆ ಒಬ್ಬ ಮನುಷ್ಯ ಇದಾನೆ," ಎಂದರು ನಾಗಲಕ್ಷ್ಮಮ್ಮ, ಸೂಜಿಯನ್ನು ತಲೆಗೂದಲಿಗೆ ಉಜ್ಜಿಕೊಳ್ಳುತ್ತ. "ಪೂರ್ತಿ ರಬ್ಬರು. ಒಂಚೂರು ಗಾಳಿ ಆಡಲ್ಲ. ಎಷ್ಟು ಬೆವರ್ತಿದಾನೋ ಏನೋ. ಪಾಪ."

ಗುಮ್ಮನ ಬಗ್ಗೆ ಪಾಪ ಎಂದು ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಮೇಲೆ ಒಂದೊಂದನ್ನೂ ಹೀಗೇ ನೋಡಿದೆವು. ಹುಣ್ಣಿಮೆಗೆ ತೋಳವಾಗುವವನು ಬಂದರೆ, "ಮೈ ಪೂರ್ತಿ ಚೌರಿ ಅಂಟಿಸಿದಾರೆ ನೋಡು, ಗೋಂದು ಹಾಕಿದ ಕಡೆಯೆಲ್ಲ ತುರಿಸ್ತಿರುತ್ತೆ, ಕೆರಕೊಳ್ಳೋ ಹಾಗೂ ಇಲ್ಲ." ಬಟ್ಟೆ ಸುತ್ತಿಕೊಂಡು ಗೋರಿಯಿಂದ ಎದ್ದು ಬಂದವನು ಸಿಕ್ಕರೆ, "ಪಟ್ಟಿ ಸುತ್ತಕ್ಕೆ ಎಷ್ಟು ಹೊತ್ತು ಹಿಡೀತೋ! ಮಧ್ಯದಲ್ಲಿ ಬಾತ್‌ರೂಮಿಗೆ ಹೋಗ್ಬೇಕಾದ್ರೆ ಏನ್ ಮಾಡ್ತಿದ್ದ, ಪಾಪ." ರಕ್ತ ಕುಡಿಯುವ ದೊರೆಯೊಬ್ಬನ ವಿಷಯದಲ್ಲಿ ಮಾತ್ರ ಅವರಿಗೆ ಕರುಣೆ ಇರಲಿಲ್ಲ, ಬರೀ ಮೆಚ್ಚುಗೆ: "ಮೇಲಂಗಿ ಲೈನಿಂಗು ಸ್ಯಾಟಿನ್ನು ಕಣೇ. ಬೀಳೋ ರೀತಿ ನೋಡು. ಸಖತ್ ಕಟಿಂಗು."

ಇದೆಲ್ಲ ತಮಾಷೆ ಅಂತ ಅಲ್ಲ. ಅವರು ನಗುತ್ತಿರಲಿಲ್ಲ. ಒಂದು ಹಳೇ ಚಿತ್ರದಲ್ಲಿ ಬೊಂಬೆಯ ಕೈ ತಂತಿ ಕಾಣಿಸುತ್ತಿತ್ತು. ನಾನು ಕಿಸಕ್ಕನೆ ನಕ್ಕದ್ದಕ್ಕೆ ತಲೆಯ ಮೇಲೆ ಅಳತೆ ಟೇಪಿನಿಂದ ಒಂದು ಏಟು ಬಿತ್ತು. "ಯಾರೋ ಕೂತು ಮಾಡಿದಾರೆ. ಕೈಯಲ್ಲಿ ಮಾಡಿದ್ದು. ಹೊಲಿಗೆ ಕಾಣ್ಲಿ ಬಿಡು, ಕಂಡ್ರೆ ಏನಾಯ್ತು? ಅದಿದ್ರೇನೆ ಯಾರೋ ಹೊಲಿದಿದಾರೆ ಅಂತ ಗೊತ್ತಾಗೋದು."

ಇಂಗ್ಲಿಷ್ ಅಕ್ಷರ ಅವರಿಗೆ ಕೂಡಿಸಿ ಓದುವಷ್ಟು ಬರುತ್ತಿರಲಿಲ್ಲ. ಹಾಗಾಗಿ ಕ್ಯಾಸೆಟ್ಟುಗಳಿಗೆ ತಾವೇ ಕನ್ನಡದಲ್ಲಿ ಚೀಟಿ ಅಂಟಿಸಿದ್ದರು: "ಪಟ್ಟಿಯವನು", "ರೋಮದವನು", "ದೊಡ್ಡ ಇರುವೆ". ಬಹಳ ಇಷ್ಟವಾದವಕ್ಕೆ ಪಕ್ಕದಲ್ಲಿ "ಪಾಪ" ಎಂದು ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದರು. ಇದರಿಂದ ಒಂದು ಸಲ ರಾದ್ಧಾಂತವೇ ಆಯಿತು. ಹಿಂದಿನ ಬೀದಿಯ ಕಮಲಾದೇವಿ ಆಂಟಿ ಮಗನ ಹುಟ್ಟುಹಬ್ಬಕ್ಕೆ ಕ್ಯಾಸೆಟ್ ಬೇಕೆಂದು ಬಂದಾಗ ಅಂಗಡಿಯಲ್ಲಿ ದಾಸಪ್ಪ ಅಂಕಲ್ ಒಬ್ಬರೇ ಇದ್ದರು. "ಮಕ್ಕಳ ಪಿಕ್ಚರ್ ಇದೆಯಾ?" ಎಂದು ಕೇಳಿದರಂತೆ. ಅಂಕಲ್ ಶೆಲ್ಫು ನೋಡಿ, "ಪಾಪ ಅಂತ ಬರೆದಿದೆ ನೋಡಿ, ಪಾಪಂದಿರದ್ದೇ ಇರ್ಬೇಕು," ಎಂದು ಒಂದು ಆರಿಸಿ ಕೊಟ್ಟುಬಿಟ್ಟರು. ಕೇಕ್ ಕತ್ತರಿಸಿ ಮಕ್ಕಳನ್ನೆಲ್ಲ ಟೀವಿ ಮುಂದೆ ಸಾಲಾಗಿ ಕೂರಿಸಿ ಹಾಕಿದರೆ, ಬಂದದ್ದು ಕೆರೆಯೊಳಗಿಂದ ಏಳುವ ಗುಮ್ಮ.

ಸಂಜೆ ಕಮಲಾದೇವಿ ಆಂಟಿ ಕ್ಯಾಸೆಟ್ಟನ್ನು ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡು ಬಂದರು. "ಏನ್ರೀ ಇದು! ನನ್ನ ಮಗ ಮಂಚದ ಕೆಳಗಿಂದ ಈಚೆ ಬರ್ತಿಲ್ಲ. ಪಾಪ ಅಂತ ಬರೆದು ಪಿಶಾಚಿ ಕೊಟ್ಟಿದೀರಲ್ಲ!"

"ಪಿಶಾಚಿ ಅಲ್ಲ ಕಮಲಾದೇವಿ, ಕೂತ್ಕೊಳ್ಳಿ," ಎಂದರು ನಾಗಲಕ್ಷ್ಮಮ್ಮ. "ನೀವು ಪೂರ್ತಿ ನೋಡಿದ್ರಾ?"

"ಯಾರ್ ನೋಡ್ತಾರೆ?"

"ಅದಕ್ಕೇ ಹೀಗಾಡ್ತಿದೀರಿ. ಉಮಾ, ಹಾಕೇ ಅದನ್ನ."

ಬೆಡ್‌ಶೀಟ್ ಮತ್ತೆ ಬಿತ್ತು. ಕಮಲಾದೇವಿ ಆಂಟಿ ಒಂದು ಕಣ್ಣು ಸೆರಗಿನಲ್ಲಿ ಮುಚ್ಚಿಕೊಂಡು ಕೂತರು.

ಆ ಚಿತ್ರ ನಾಗಲಕ್ಷ್ಮಮ್ಮನವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಚೀಟಿಯ ಮೇಲೆ "ಕೆರೆಯವನು" ಎಂದಿತ್ತು. ಯಾವ ದೇಶದ್ದೋ, ಯಾವ ಭಾಷೆಯೋ ನಮಗೆ ಕೊನೆಗೂ ತಿಳಿಯಲಿಲ್ಲ. ಊರಿನವರು ಒಂದು ಕೆರೆಗೆ ಮಣ್ಣು ಸುರಿದು ಕಾರ್ಖಾನೆ ಕಟ್ಟುತ್ತಾರೆ. ಕೆಸರಿನೊಳಗೆ ಮಲಗಿದ್ದವನು ಎದ್ದು, ಮೈಯಿಂದ ನೀರು ತೊಟ್ಟಿಕ್ಕಿಸುತ್ತ, ಬಾಗಿಲು ಬಾಗಿಲಿಗೆ ಹೋಗುತ್ತಾನೆ. ಜನ ಕಿರುಚುತ್ತಾರೆ. ಮಾತು ಯಾರಿಗೂ ತಿಳಿಯದ್ದರಿಂದ ಮಾತನ್ನೆಲ್ಲ ನಾಗಲಕ್ಷ್ಮಮ್ಮನವರೇ ಹೇಳುತ್ತಿದ್ದರು. ಗುಮ್ಮ ಬಾಯಿ ತೆರೆದು ಗೊರ್ ಎಂದರೆ ಇವರು, ಕೈಯಲ್ಲಿ ಫಾಲ್ಸ್ ಹೊಲಿಯುತ್ತಲೇ, "ಯಜಮಾನ್ರೇ, ಇಲ್ಲೊಂದು ಕೆರೆ ಇತ್ತಲ್ಲ, ಯಾವ ಕಡೆ ಹೋಯ್ತು?" ಎನ್ನುತ್ತಿದ್ದರು. ಬಾಗಿಲು ಹಾಕಿಕೊಂಡ ಹೆಂಗಸಿಗೆ, "ಅಕ್ಕ, ಒಂದ್ ಲೋಟ ನೀರು ಕೇಳ್ದೆ ಅಷ್ಟೆ."

ಕಮಲಾದೇವಿ ಆಂಟಿ ಸೆರಗು ತೆಗೆದು ಎರಡು ಕಣ್ಣೂ ಬಿಟ್ಟರು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡರು. ಮುಂದಿನ ವಾರ ತಾವೇ ಬಂದು, "ಇನ್ನೊಂದ್ ಪಾಪ ಇದ್ರೆ ಕೊಡ್ರೀ," ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕೊನೆಯಲ್ಲಿ ಊರಿನವರೆಲ್ಲ ಪಂಜು ಹಿಡಿದು ಅವನನ್ನು ಸುತ್ತುವರಿಯುತ್ತಾರೆ. ಆ ದೃಶ್ಯ ಬಂದಾಗಲೆಲ್ಲ ನಾಗಲಕ್ಷ್ಮಮ್ಮನವರಿಗೆ ತಟ್ಟನೆ ಯಾವುದೋ ಸೀರೆಯ ಪಿಕೋ ನೆನಪಾಗುತ್ತಿತ್ತು. ಮೆಷಿನ್ ಜೋರಾಗಿ ಓಡಿಸುತ್ತಿದ್ದರು. ಅದರ ಸದ್ದಿನಲ್ಲಿ ಪರದೆಯ ಕೂಗು ಕೇಳುತ್ತಿರಲಿಲ್ಲ, ಅವರ ತಲೆಯೂ ಮೇಲೇಳುತ್ತಿರಲಿಲ್ಲ. ನಾನು ಅತ್ತರೆ ಮಾತ್ರ ಮೆಷಿನ್ ನಿಲ್ಲಿಸಿ ಹೇಳುತ್ತಿದ್ದರು:

"ಅವನೆಲ್ಲಿ ಸತ್ತ? ಶೂಟಿಂಗ್ ಮುಗಿದ್ಮೇಲೆ ಯಾರೋ ಬಂದು ಹಿಂದಿನ ಜಿಪ್ ಎಳೆದಿರ್ತಾರೆ. ಈಚೆ ಬಂದು, ಮುಖ ತೊಳ್ಕೊಂಡು, ಮನೆಗೆ ಹೋಗಿ ಬಿಸಿ ಅನ್ನ ತಿಂದು ಮಲಗಿರ್ತಾನೆ. ಏಳು, ನಿಮ್ಮಮ್ಮ ಬರೋ ಹೊತ್ತಾಯ್ತು."

*

ಒಂದು ವರ್ಷ ಯಡಿಯೂರು ಕೆರೆಯ ಪಕ್ಕದ ಮೈದಾನದಲ್ಲಿ ರಾಜ್ಯೋತ್ಸವಕ್ಕೆ ವೇಷಭೂಷಣ ಸ್ಪರ್ಧೆ ಇಟ್ಟರು. ಆಗ ನನಗೆ ಹನ್ನೆರಡು. ನಮ್ಮ ಬೀದಿಯ ಹುಡುಗಿಯರೆಲ್ಲ ಒನಕೆ ಓಬವ್ವ. ನನ್ನ ಅಮ್ಮನೂ ಕಚ್ಚೆಗೆ ಸೀರೆ ತೆಗೆದಿಟ್ಟಿದ್ದಳು. ನಾನು ಹಟ ಹಿಡಿದೆ: ನಾನು ಕೆರೆಯವನೇ ಆಗಬೇಕು.

ಅಮ್ಮ ತಲೆ ಚಚ್ಚಿಕೊಂಡಳು. ನಾಗಲಕ್ಷ್ಮಮ್ಮ ಅಳತೆ ಟೇಪ್ ತೆಗೆದರು. ಆಟೋ ಸೀಟು ಹೊಲಿಯುವವರ ಹತ್ತಿರ ಮಿಕ್ಕಿದ್ದ ಹಸಿರು ರೆಕ್ಸಿನ್, ಹಳೇ ಹಾಸಿಗೆಯ ಸ್ಪಂಜು, ಉಗುರಿಗೆ ಐಸ್‌ಕ್ಯಾಂಡಿ ಕಡ್ಡಿ. ತಲೆಗೆ ಸ್ಪಂಜಿನದ್ದೇ ಒಂದು ಬುರುಡೆ. ಹಾಕಿ ನೋಡಿದರೆ ತೋಳು ಮೊಣಕಾಲಿಗೆ ಬರುತ್ತಿತ್ತು.

"ಇಷ್ಟು ದೊಗಲೆ ಯಾಕ್ರೀ?" ಎಂದಳು ಅಮ್ಮ.

"ಒಳಗಡೆ ಇನ್ನೂ ಬಟ್ಟೆ ಬಿಟ್ಟಿದೀನಿ. ಬೆಳೆಯೋ ಮಗು ಅಲ್ವಾ."

"ಅಲ್ಲಾ ನಾಗಲಕ್ಷ್ಮಮ್ಮ, ಗುಮ್ಮಂಗೂ ಒಳಗೆ ಬಟ್ಟೆ ಬಿಡ್ತಾರೇನ್ರೀ?"

"ನಾನು ಬಿಡ್ದೇ ಹೊಲಿಯಲ್ಲ."

ಅದು ಅವರ ಪದ್ಧತಿ. ಲಂಗವಾಗಲಿ, ಬ್ಲೌಸಾಗಲಿ, ಹೊಲಿಗೆಯ ಒಳಬದಿಯಲ್ಲಿ ಎರಡು ಬೆರಳಷ್ಟು ಬಟ್ಟೆ ಮಡಿಸಿ ಉಳಿಸುತ್ತಿದ್ದರು. ಮೈ ಬಂದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಆ ಎರಡು ಬೆರಳಿನೊಳಗೇ ದೊಡ್ಡವರಾದದ್ದು.

ವೇದಿಕೆ ಹತ್ತಿದ ಮೇಲೆ ಗೊತ್ತಾಯಿತು, ಒಳಗೆ ಎಂಥ ಸೆಕೆ ಎಂದು. ಬೆವರಿ ನೀರಾಗಿ ಹೋಗುತ್ತಿದ್ದೆ. ಬುರುಡೆಯ ತೂತು ಕಣ್ಣಿನ ಸರಿಗೆ ಇರಲಿಲ್ಲ, ಜಿಪ್ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ, ಯಾರು ಹೇಳಿಕೊಟ್ಟರೋ, ಓಬವ್ವಗಳೆಲ್ಲ ಒಟ್ಟಾಗಿ ನನ್ನ ಮೇಲೆ ಏರಿ ಬಂದರು. ರಟ್ಟಿನ ಒನಕೆಗಳೇ, ಆದರೂ ಒಂದೆರಡು ನಿಜವಾದವೂ ಇದ್ದವು. ಜನ ಶಿಳ್ಳೆ ಹಾಕುತ್ತಿದ್ದರು. ಆ ಗದ್ದಲದ ನಡುವೆ, ಎಲ್ಲೋ ಹಿಂದಿನ ಸಾಲಿನಿಂದ, ಗಂಟಲು ಹರಿಯುವ ಹಾಗೆ ಒಂದು ಕೂಗು ಕೇಳಿಸಿತು:

"ಪಾಪಾ!"

ನನಗೆ ಸಮಾಧಾನಕರ ಬಹುಮಾನವೆಂದು ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ ಸಿಕ್ಕಿತು. ಈಗಲೂ ನಮ್ಮ ಬಚ್ಚಲಲ್ಲಿದೆ.

ಆಮೇಲೆ ಕೇಬಲ್ ಬಂತು, ಸೀಡಿ ಬಂತು. ದಾಸಪ್ಪ ಅಂಕಲ್ ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದವರು ಎದೆ ಹಿಡಿದುಕೊಂಡು ಕುಸಿದರು. ಬೋರ್ಡಿನ ಒಂದು ಅರ್ಧ ಅಳಿಸಿಹೋಯಿತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು, ವಿಡಿಯೋ ಡೆಕ್ಕು ಕೆಟ್ಟಿತು. ನಾನು ಮದುವೆಯಾಗಿ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದು, ಮಗಳಾದ ಮೇಲೆ ಅಮ್ಮನಿಗೆ ಹತ್ತಿರವಾಗಲೆಂದು ಯಡಿಯೂರಿಗೇ ವಾಪಸ್ಸು ಬಂದೆ. ನಾಗಲಕ್ಷ್ಮಮ್ಮ ಮಾತ್ರ ಇದ್ದಲ್ಲೇ ಇದ್ದರು, ರಸ್ತೆಗೆ ಮುಖ ಮಾಡಿ. ಇಂಚರಳ ಮೊದಲ ಲಂಗಕ್ಕೂ ಎರಡು ಬೆರಳು ಬಟ್ಟೆ ಬಿಟ್ಟರು. ಆಮೇಲೆ ಬಲದವಡೆಯಲ್ಲಿ, ಹೊಗೆಸೊಪ್ಪು ಒತ್ತುತ್ತಿದ್ದ ಜಾಗದಲ್ಲೇ, ಮಾಯದ ಹುಣ್ಣಾಯಿತು.

*

ಇಂಚರ ಆ ಪ್ರಶ್ನೆ ಕೇಳಿದ ಮಾರನೆಯ ದಿನ ರಾಗಿ ಅಂಬಲಿ ಮಾಡಿಕೊಂಡು, ಇಂಚರಳನ್ನೂ ಕರೆದುಕೊಂಡು, ಶಟರ್ ಕೆಳಗೆ ಬಗ್ಗಿ ಒಳಗೇ ಹೋದೆ. ಗಟ್ಟಿ ಊಟ ಅವರಿಗೆ ಇನ್ನೂ ಇಳಿಯುತ್ತಿರಲಿಲ್ಲ. ನನ್ನ ಕಂಡ ಕೂಡಲೆ ಸೆರಗನ್ನು ಬಲಗೆನ್ನೆಗೆ ಎಳೆದುಕೊಂಡರು.

"ಪಾಪ, ನಿಮಗೆ ನೋವಿದ್ರೆ ಆಮೇಲೆ ಬರ್ತೀನಿ..." ಎಂದೆ.

ಅವರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. "ನೋಡು, ಇದೊಂದು ಬಿಟ್ಬಿಡು. ಹಾಲಿನವನು ಪಾಪ ಅಂತಾನೆ, ಕಸದವಳು ಪಾಪ ಅಂತಾಳೆ. ನಾನು ಪಾಪ ಅಂತಿದ್ದದ್ದು ಯಾರಿಗೆ, ಮರೆತ್ಯಾ?"

"ಒಳಗಿರೋನಿಗೆ."

"ಹಾಂ. ಗುಮ್ಮಂಗಲ್ಲ. ಇವರು ಮೇಲಿನ ರಬ್ಬರ್ ನೋಡಿ ಪಾಪ ಅಂತಾರೆ. ಒಳಗೊಬ್ಬಳು ಕೂತು ಬೆವರ್ತಿದಾಳೆ ಅಂತ ಯಾರಿಗೂ ಹೊಳೆಯಲ್ಲ. ಯಾರೂ ಬಂದು ಹೊಲಿಗೆ ವಿಷ್ಯ ಮಾತಾಡಲ್ಲ, ನನ್ನ ಮುಖ ನೋಡಿ ಅಯ್ಯೋ ಅಂದು ಹೋಗ್ತಾರೆ." ಸೆರಗು ಜಾರಿತು. ಅವರು ಮತ್ತೆ ಎಳೆದುಕೊಳ್ಳಲಿಲ್ಲ. ಕಿವಿಯ ಕೆಳಗಿನಿಂದ ಗದ್ದದವರೆಗೆ, ಬೇರೆ ಬಣ್ಣದ ಚರ್ಮದ ಸುತ್ತ, ಹೊಲಿಗೆಯ ಗೆರೆ ಓಡಿತ್ತು. "ಎದೆ ಚರ್ಮ ತೆಗೆದು ತೇಪೆ ಹಾಕಿದಾರೆ. ಕೈ ಕೆಲಸ ಚೆನ್ನಾಗಿದೆ ಡಾಕ್ಟ್ರದ್ದು, ಅದರಲ್ಲೇನೂ ಇಲ್ಲ. ಆದ್ರೆ ಒಳಗೆ ಬಟ್ಟೆ ಬಿಟ್ಟಿಲ್ಲ. ಅದಕ್ಕೇ ಎಳೆಯುತ್ತೆ. ಕತ್ತಿನ ನರ ಹೋಯ್ತು, ಬಲಗೈ ಭುಜಕ್ಕಿಂತ ಮೇಲೆ ಏಳಲ್ಲ. ಅದೂ ಹೋಗ್ಲಿ." ದಾರದುಂಡೆ ಕೈಗೆತ್ತಿಕೊಂಡು ಸುತ್ತತೊಡಗಿದರು. "ನನ್ನ ಕಷ್ಟ ಏನು ಗೊತ್ತಾ ಉಮಾ? ಇದಕ್ಕೆ ಜಿಪ್ ಇಟ್ಟಿಲ್ಲ."

ಇಂಚರ ಅಷ್ಟರಲ್ಲಿ ಸ್ಟೂಲು ಹತ್ತಿ ಅವರ ಮುಖದ ಹತ್ತಿರಕ್ಕೇ ಹೋಗಿದ್ದಳು.

"ಎಷ್ಟು ಹೊಲಿಗೆ ಇದೆ ಅಜ್ಜಿ?"

"ಎಣಿಸಿಲ್ಲ ಪುಟ್ಟಿ. ನೀನೇ ಎಣಿಸು."

ಅವಳು ಬೆರಳಿಟ್ಟು ಎಣಿಸಿದಳು. ಅವಳ ಎಣಿಕೆಯಲ್ಲಿ ಹದಿಮೂರಾದ ಮೇಲೆ ಹದಿನಾರು ಬರುತ್ತದೆ. ನಾಗಲಕ್ಷ್ಮಮ್ಮ ಕಣ್ಣು ಮುಚ್ಚಿ, ಅಳತೆ ಕೊಡುವವರ ಹಾಗೆ ಅಲ್ಲಾಡದೆ ಕೂತಿದ್ದರು. ಆಸ್ಪತ್ರೆಯವರನ್ನು ಬಿಟ್ಟು ಬೇರೆ ಯಾರೂ ಆ ಕೆನ್ನೆ ಮುಟ್ಟಿರಲಿಲ್ಲವೇನೋ.

"ತುಂಬಾ ಇದೆ," ಎಂದು ಇಂಚರ ಲೆಕ್ಕ ಮುಗಿಸಿದಳು. "ಅಜ್ಜಿ, ನಾನು ರಾಜ್ಯೋತ್ಸವಕ್ಕೆ ಓಬವ್ವ. ಕಚ್ಚೆ ಹೊಲಿದುಕೊಡ್ತೀರಾ?"

"ಅಯ್ಯೋ, ಮತ್ತೆ ಓಬವ್ವನಾ!" ಎಂದು ಅವರು ನಕ್ಕರು. ನಗು ಎಡಗಡೆಗಷ್ಟೇ ಬಂತು, ಬಲಗಡೆ ಎಳೆದು ನೋವಾಗಿ ಕೆನ್ನೆ ಹಿಡಿದುಕೊಂಡರು. ಆಮೇಲೆ ಹೇಳಿದರು, "ಓಬವ್ವಂಗೆ ಒನಕೆ ಇದ್ರೆ ಸಾಕಾ? ಹೊಡೆಯಕ್ಕೆ ಯಾರಾದ್ರೂ ಬೇಡ್ವಾ? ಉಮಾ, ಆ ಅಟ್ಟದ ಮೇಲಿನ ಟ್ರಂಕು ಇಳಿಸು."

ಹಸಿರು ರೆಕ್ಸಿನ್ ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಆದರೆ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ನಾಗಲಕ್ಷ್ಮಮ್ಮ ಅದನ್ನು ತಿರುವಿ ಒಳಬದಿ ಸವರಿದರು. "ಎರಡು ಬೆರಳು ಅಂದ್ಕೊಂಡಿದ್ದೆ, ನಾಲ್ಕು ಬಿಟ್ಟಿದೀನಿ. ಬಿಚ್ಚಿದ್ರೆ ಸುಮಾರು ದೊಡ್ಡದಾಗುತ್ತೆ. ಒಳಗೆ ಯಾರನ್ನಾದ್ರೂ ನಿಲ್ಲಿಸೋಣ, ಬಿಡು."

ಸಂಜೆ ನನ್ನ ಗಂಡ ಮೌನೇಶನಿಗೆ ಹೇಳಿದೆ. ಅವನು ಗದಗದ ಕಡೆಯವನು. "ನನ್ನ ನಿಲ್ಲಸ್ತೀರೇನು ಮತ್ತ? ಅದರಾಗ ನನ್ನ ಒಂದ ಕಾಲು ಹಿಡಸೂದಿಲ್ಲ," ಎಂದ. ಆಮೇಲೆ ತಾನೇ ಕೂತು ರಟ್ಟು ಸುತ್ತಿ ಮಗಳಿಗೆ ಒನಕೆ ಮಾಡಿಕೊಟ್ಟ. ಸಣ್ಣ ಮೈಯಿನ ಯಾರಾದರೂ ಸಿಗುತ್ತಾರೆಯೇ ಎಂದು ನಾನು ಬೀದಿಯಲ್ಲೆಲ್ಲ ವಿಚಾರಿಸಿದೆ. ಯಾರೂ ಒಪ್ಪಲಿಲ್ಲ.

ರಾಜ್ಯೋತ್ಸವದ ಮಧ್ಯಾಹ್ನ ಕಚ್ಚೆ ಉಡಿಸಲು ಇಂಚರಳನ್ನು ಕರೆದುಕೊಂಡು ಹೋದೆ. ಅರ್ಧ ಶಟರ್. ಪೆಡಲ್ ಮೇಲೆ ಪಾದಗಳಿರಲಿಲ್ಲ. ಬಗ್ಗಿ ಒಳಗೆ ಹೋದರೆ, ಮೆಷಿನ್ ಪಕ್ಕದಲ್ಲಿ ಹಸಿರು ಗುಮ್ಮನನ್ನು ತೊಟ್ಟುಕೊಂಡು ನಿಂತಿದ್ದರು ನಾಗಲಕ್ಷ್ಮಮ್ಮ. ಕಾಯಿಲೆಗೆ ಇಳಿದುಹೋದ ಮೈ, ಮೊದಲೇ ಗಿಡ್ಡ ಆಳು. ನನಗಾಗಿ ಬಿಟ್ಟಿದ್ದ ಬಟ್ಟೆ ಅವರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಕತ್ತಿನವರೆಗೆ ಗುಮ್ಮ. ಅಲ್ಲಿಂದ ಮೇಲೆ ಅವರದೇ ಮುಖ, ಹಣೆಗೆ ಕುಂಕುಮದ ಬದಲು ಎಂದಿನ ಕರಿ ಬೊಟ್ಟು, ಕೆನ್ನೆಯ ಮೇಲೆ ಗೆರೆ.

"ಆಂಟಿ! ತಲೆ ಬುರುಡೆ ಎಲ್ಲಿ?"

"ಇಲಿ ಕಡಿದು ಹಾಕಿದೆ. ಇರೋ ತಲೆ ಸಾಕು."

ಹೊರಗೆ ಮೈದಾನದ ಕಡೆ ಹೊರಟ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಯಾರೋ ತುತ್ತೂರಿ ಊದುತ್ತಿದ್ದರು. ಇಂಚರ ಅವರ ಸುತ್ತ ಒಂದು ಸುತ್ತು ಬಂದು, ಬೆನ್ನು ನೋಡಿ, ಖುಷಿಯಿಂದ ಕೂಗಿದಳು, "ಅಮ್ಮಾ, ಜಿಪ್ ಸಿಕ್ತು!" ಸ್ಟೂಲು ಹತ್ತಿ ಅದನ್ನು ಮೇಲಕ್ಕೆ ಎಳೆದವಳೂ ಅವಳೇ.

"ಪೂರ್ತಿ ಎಳೀಬೇಡ ಪುಟ್ಟಿ. ಒಂಚೂರು ಗಾಳಿ ಆಡ್ಲಿ."

ನಾನು ಮಗಳ ಕಚ್ಚೆ ಸರಿಮಾಡಿ, ಒನಕೆ ಕೈಗೆ ಕೊಟ್ಟೆ. ನಾಗಲಕ್ಷ್ಮಮ್ಮ ಕನ್ನಡಿ ನೋಡಲಿಲ್ಲ. ಐಸ್‌ಕ್ಯಾಂಡಿ ಉಗುರಿನ ಎಡಗೈಯಿಂದ ಕೆನ್ನೆಯನ್ನು ಒಮ್ಮೆ ಒತ್ತಿಕೊಂಡು, ರಸ್ತೆಯ ಕಡೆಗೆ ತಿರುಗಿ ನಿಂತರು.

"ಉಮಾ, ಒಂದು ಉಪಕಾರ ಮಾಡ್ತೀಯೇನೇ? ಆ ಶಟರ್ ಪೂರ್ತಿ ಎತ್ತು. ನನ್ನ ಕೈ ಅಲ್ಲೀವರೆಗೆ ಹೋಗಲ್ಲ."